ವಸಂತಣ್ಣನ ಮಗಳ ಹಾಜರಿ

ಹೊಸ ಮನೆಯ ಕೀಲಿ ಕೈಗೆ ಬರಲು ಇನ್ನೂ ಎರಡು ವಾರವಿತ್ತು. ಹಳೇ ಮನೆಯ ಮಾಲೀಕ ಒಂದು ದಿನವೂ ಹೆಚ್ಚಿಗೆ ಕೊಡಲಾರೆ ಎಂದುಬಿಟ್ಟಿದ್ದ. ಹಾಗಾಗಿ ಸೋಫಾ, ಮಂಚ, ಬೀರುಗಳನ್ನೆಲ್ಲ ಪಿಕಪ್ಪಿಗೆ ಏರಿಸಿಕೊಂಡು ಗಲ್ಫಿನ ಈ ಊರಿನ ಅಲ್ ಕುಸೈಸ್ ಬಡಾವಣೆಯಲ್ಲಿ ಮನೆಸಾಮಾನು ಬಾಡಿಗೆಗೆ ಇಡುವ ಒಂದು ಸ್ಟೋರೇಜ್ ಕಟ್ಟಡಕ್ಕೆ ಹೋದೆವು. ಫೋನಿನಲ್ಲಿ ಬಂದ ಲೊಕೇಶನ್ ಹಿಡಿದು ಹೋದವರಿಗೆ ಗೇಟಿನ ಮುಂದೆ ನಿಂತ ಮೇಲೇ ಗೊತ್ತಾದದ್ದು, ಇದು ನಾನು ಗಣಿತ ಕಲಿಸುತ್ತಿದ್ದ ಶಾಲೆ. ಕಾವಲಿನವನು ನಮಗೆ ಕೊಟ್ಟ ಕೋಣೆಯ ಬಾಗಿಲು ತೆರೆದು ಎ.ಸಿ. ಹಾಕಿದ. ಬಹಳ ದಿನ ಮುಚ್ಚಿದ್ದ ಕೋಣೆಯಲ್ಲಿ ಎ.ಸಿ. ಮೊದಲ ಸಲ ಉಸಿರು ಬಿಟ್ಟಾಗ ಒದ್ದೆ ಧೂಳಿನ ಒಂದು ವಾಸನೆ ಬರುತ್ತದೆ. ಎರಡು ತಿಂಗಳ ಬೇಸಿಗೆ ರಜೆ ಮುಗಿಸಿ ಬಂದ ಮೊದಲ ಬೆಳಿಗ್ಗೆ ಪ್ರತಿ ಕ್ಲಾಸಿನಲ್ಲೂ ಅದೇ ವಾಸನೆ. ನನ್ನ ಗಂಡ ಬಸವರಾಜ ಸೋಫಾದ ಒಂದು ತುದಿ ಹಿಡಿದುಕೊಂಡು ಬಗ್ಗಿಯೇ ಇದ್ದ. ನಾನು ಇನ್ನೊಂದು ತುದಿ ಬಿಟ್ಟು ಮೂಗೆತ್ತಿ ನಿಂತಿದ್ದೆ, ಆ ಶಾಲೆಯ ಕೊನೆಯ ವರ್ಷದ ಸಂಗತಿಗಳು ಒಂದೊಂದಾಗಿ ನೆನಪಾಗುತ್ತಿದ್ದವು.

ಶಾಲೆ ಹುಟ್ಟಿದ್ದು ಒಂದು ಟವೆಲ್ ಕಾರ್ಖಾನೆಯ ಬಾಲವಾಗಿ. ಹಿಂದೆ ಆ ಕಡೆ ಟವೆಲ್, ಬೆಡ್‌ಶೀಟ್ ನೇಯುವ ಕಾರ್ಖಾನೆಯೊಂದಿತ್ತಂತೆ, ಅದರ ಸೇಟು ತನ್ನ ನೌಕರರ ಮಕ್ಕಳಿಗಾಗಿ ಶಾಲೆ ಕಟ್ಟಿಸಿದ. ಕಾರ್ಖಾನೆ ಮುಚ್ಚಿ ಗೋದಾಮಾಯಿತು, ಶಾಲೆ ಮಾತ್ರ ಹೇಗೋ ಉಳಿಯಿತು. ದೊಡ್ಡ ಶಾಲೆಗಳ ಫೀಸು ಕಟ್ಟಲಾಗದ ಡ್ರೈವರುಗಳು, ಅಂಗಡಿಯವರು, ನಮ್ಮಂಥ ಸಣ್ಣ ಸಂಬಳದವರು ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಕರೋನಾ ಮುಗಿಯುವಷ್ಟರಲ್ಲಿ ಎಷ್ಟೋ ಮನೆಗಳು ಊರಿಗೆ ಹೊರಟುಹೋಗಿ ಬೆಂಚುಗಳು ಖಾಲಿಯಾದವು. ಮಿರ್ದಿಫಿನ ಒಂದು ವಿಲ್ಲಾದಲ್ಲಿ ನಮ್ಮದೇ ಶಿಶುವಿಹಾರದ ಶಾಖೆಯಿತ್ತು, ನಾನು ಹೇಳುತ್ತಿರುವ ವರ್ಷದ ಏಪ್ರಿಲಿನಲ್ಲಿ ಅದನ್ನು ಮುಚ್ಚಿದರು. ಬಾಲ ಹೋಯಿತು, ಇನ್ನು ತಲೆ ಎಷ್ಟು ದಿನ ಎಂದು ನಾನು ಅಂದೇ ಅಂದುಕೊಂಡೆ.

ಆ ವರ್ಷ ನನ್ನ ಮಗ ಸುಹಾಸ ಅದೇ ಶಾಲೆಯ ಹತ್ತನೇ ತರಗತಿಗೆ ಬಂದಿದ್ದ, ನಾನೇ ಅವನ ಕ್ಲಾಸ್ ಟೀಚರು. ಹತ್ತರ ಪಬ್ಲಿಕ್ ಪರೀಕ್ಷೆಗೆ ಮಕ್ಕಳ ಹೆಸರು ನೋಂದಾಯಿಸುವುದು ಒಂಬತ್ತರಲ್ಲೇ. ಆಮೇಲೆ ಹತ್ತರ ಮಕ್ಕಳನ್ನು ಬೇರೆ ಯಾವ ಶಾಲೆಯೂ ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ. ವರ್ಷದ ನಡುವೆ ಶಾಲೆ ಮುಚ್ಚಿದರೆ ಮಗುವನ್ನೂ ತಾಯಿಯನ್ನೂ ಊರಿಗೆ ಸಾಗಿಸುವುದೊಂದೇ ದಾರಿ. ಗಂಡ ಇಲ್ಲಿ ಬೆಡ್‌ಸ್ಪೇಸಿನಲ್ಲಿ, ನಾಲ್ಕಾರು ಜನರ ಕೋಣೆಯ ಒಂದು ಬಾಡಿಗೆ ಮಂಚದಲ್ಲಿ, ಹೆಂಡತಿ ಮಗ ಅಲ್ಲಿ. ಅಂಥ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ನಮಗೆ ಬೇಕಾಗಿದ್ದದ್ದು ಇಷ್ಟೇ, ಮಾರ್ಚಿನಲ್ಲಿ ಕೊನೆಯ ಪೇಪರ್ ಬರೆಯುವ ತನಕ ಶಾಲೆಯ ಬಾಗಿಲು ತೆರೆದಿರಬೇಕು.

ಆ ಬಾಗಿಲಿನ ಕೀಲಿ ಇದ್ದದ್ದು ವಸಂತಣ್ಣನ ಕೈಯಲ್ಲಿ. ಕಾರ್ಕಳದ ಕಡೆಯವರು, ಶಾಲೆಯ ಆಡಳಿತ ಪೂರ್ತಿ ಅವರದೇ. ಬಸ್ಸು, ಫೀಸು, ನಮ್ಮ ವೀಸಾ, ಕೆಟ್ಟ ನಲ್ಲಿ, ಎಲ್ಲದಕ್ಕೂ ವಸಂತಣ್ಣ. ಪ್ರಿನ್ಸಿಪಾಲರು ಎರಡು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು, ಸೇಟುವಿನ ಮುಖ ಕಂಡವರೇ ಇರಲಿಲ್ಲ. ಶಾಲೆ ಮುಚ್ಚುತ್ತಾರಂತೆ ಹೌದಾ ಎಂದು ಯಾರು ಕೇಳಿದರೂ ವಸಂತಣ್ಣನದು ಒಂದೇ ಉತ್ತರ, ಎಂತದೂ ಆಗುದಿಲ್ಲ, ನೀವು ಪಾಠ ಮಾಡಿ, ಶಾಲೆ ನಾನು ನೋಡಿಕೊಳ್ತೇನೆ. ಕೇಳುವ ಮೊದಲೇ ಉತ್ತರ ಸಿದ್ಧವಿದ್ದರೆ ನನಗೆ ಅನುಮಾನ ಬರುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇಪ್ಪತ್ತು ವರ್ಷ ಕ್ಲಾಸಿನಲ್ಲಿ ನೋಡಿದವಳು ನಾನು.

ಗಲ್ಫಿನ ನಮ್ಮ ಜನಕ್ಕೆ ಇನ್ನೊಂದು ರೂಢಿಯಿದೆ. ಕೆಲಸ ಬಿಡುವುದಿರಲಿ, ಹೊಸದು ಸಿಗುವುದಿರಲಿ, ವೀಸಾ ಕೈಗೆ ಬರುವ ತನಕ ಗೋಡೆಗೂ ಹೇಳುವುದಿಲ್ಲ. ದಿನಾ ಸಾರು ಪಲ್ಯ ಕೊಟ್ಟು ತೆಗೆದುಕೊಳ್ಳುವ ಪಕ್ಕದ ಮನೆಯವರು ಒಂದು ದಿನ ಸೂಟ್‌ಕೇಸ್ ಎಳೆದುಕೊಂಡು ಲಿಫ್ಟಿನಲ್ಲಿ ಸಿಕ್ಕಿ, ನಾವು ಖಲಾಸ್ ಹೋಗ್ತಾ ಇದ್ದೇವೆ ಎನ್ನುತ್ತಾರೆ. ಕಣ್ಣು ಬೀಳುತ್ತದೆ ಎಂದು ಒಂದು ಭಯ, ಸುದ್ದಿ ಕಂಪನಿಗೆ ಮುಟ್ಟುತ್ತದೆ ಎಂದು ಇನ್ನೊಂದು ಭಯ. ಆ ವರ್ಷ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಒಬ್ಬಳು ವಾರದ ನಡುವೆ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಬಂದು, ಮಧ್ಯಾಹ್ನ ಹಲ್ಲುನೋವು ಎಂದು ರಜೆ ಕೇಳಿದರೆ ಉಳಿದವರು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಬೇರೆ ಶಾಲೆಗೆ ಡೆಮೊ ಪಾಠ ಕೊಡಲು ಹೊರಟಿದ್ದಾಳೆ ಎಂದು ಅರ್ಥ. ಆ ವರ್ಷ ನಮ್ಮ ಸ್ಟಾಫ್ ರೂಮಿನಲ್ಲಿ ಬಹಳ ಜನರಿಗೆ ಹಲ್ಲುನೋವಿತ್ತು.

ನನ್ನ ಅನುಮಾನಕ್ಕೆ ಒಂದು ವಂಶಾವಳಿಯೂ ಇದೆ. ನನ್ನಪ್ಪ ಹುಬ್ಬಳ್ಳಿಯ ಒಂದು ಹತ್ತಿ ಗಿರಣಿಯಲ್ಲಿದ್ದರು. ಆ ಗಿರಣಿ ಮುಚ್ಚಿದ ವರ್ಷ ಅದಕ್ಕೆ ಸುಣ್ಣ ಹೊಡೆಸಿದ್ದರು. ಎಷ್ಟೋ ವರ್ಷ ಕರಿಹಿಡಿದು ನಿಂತಿದ್ದ ಗೋಡೆ ಬೆಳ್ಳಗಾದದ್ದು ಕಂಡು ಇಡೀ ಓಣಿ, ಇನ್ನು ಗಿರಣಿಗೆ ಒಳ್ಳೆ ಕಾಲ ಬಂತು ಎಂದಿತು. ಆ ಸುಣ್ಣ ಹೊಡೆಸಿದ್ದು ಗಿರಣಿ ಕೊಳ್ಳುವವನ ಕಣ್ಣಿಗೆ ಎಂಬುದು ಬೀಗ ಬಿದ್ದ ಮೇಲೆ ಗೊತ್ತಾಯಿತು. ಅಪ್ಪ ಅದನ್ನು ಹೇಳಿ ಹೇಳಿ ನಮಗೆಲ್ಲ ಬಾಯಿಪಾಠವಾಗಿತ್ತು.

ಜೂನಿನ ಒಂದು ಬೆಳಿಗ್ಗೆ, ಅಂಗಳದಲ್ಲಿ ನಿಲ್ಲಲಾಗದ ಬಿಸಿಲು, ಇಬ್ಬರು ಟೇಪು ಹಿಡಿದು ಕಾರಿಡಾರ್ ಅಳೆಯುತ್ತಿದ್ದರು. ಅವರು ಬೆಂಕಿ ಸುರಕ್ಷತೆಯವರು ಎಂದು ವಸಂತಣ್ಣ ಹೇಳಿದರು. ನಾನು ನೀರು ಕೊಡುವ ನೆಪದಲ್ಲಿ ಹತ್ತಿರ ಹೋಗಿ ಹಿಂದಿಯಲ್ಲಿ ಕೇಳಿದೆ. ಅಳೆ ಅಂದಿದ್ದಾರೆ, ಅಳೆಯುತ್ತಿದ್ದೇವೆ ಎಂದ ಅವರಲ್ಲೊಬ್ಬ. ಬೆಂಕಿಯ ಸುದ್ದಿಯೇ ಅವನಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಬಸವರಾಜನ ಮುಂದೆ ಪಟ್ಟಾಗಿ ಕೂತು ಎಲ್ಲ ಒಪ್ಪಿಸಿದೆ. ಅವನು ಲಿಫ್ಟ್ ರಿಪೇರಿಯ ಸೂಪರ್‌ವೈಸರ್, ಯಂತ್ರ ಕೆಟ್ಟ ಮೇಲೆ ನೋಡೋಣ ಎನ್ನುವ ಜಾತಿ.

"ಹಗ್ಗ ಕಂಡ್ರೂ ಹಾವು ಅಂತಿ ನೀ," ಎಂದ. "ಹಿಂಗಾದ್ರ ಮನಿಯಾಗ ಅರಿಬಿ ಒಣಾ ಹಾಕೂದು ಹೆಂಗ?"

ಹಾಗೆಂದವನೇ ಒಳಗೊಳಗೆ ಹೆದರಿಕೊಂಡು ಅಬುಧಾಬಿಯಲ್ಲಿದ್ದ ತನ್ನ ಅಣ್ಣನಿಗೆ ಫೋನು ಮಾಡಿದ್ದ. ಭಾವನವರು ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಬಹಳ ವರ್ಷದಿಂದ ಇರುವವರು, ವಶೀಲಿ ಇರುವವರು. ಅವರ ಪರಿಚಯದ ಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ಒಂದು ಸೀಟು ಹೊಂದಿಸಿದರು. ಒಂದು ಶನಿವಾರ ಹೋಗಿ ನೋಡಿಕೊಂಡೂ ಬಂದೆವು. ಭಾವನವರ ಹೆಂಡತಿ ಹುಡುಗನನ್ನು ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದಳು, ಬಾಲ್ಕನಿಗೆ ಹತ್ತಿದ ಸಣ್ಣ ಕೋಣೆ ತೋರಿಸಿದಳು. ಬೇಸಿಗೆ ರಜೆ ಶುರುವಾಗುವ ಮೊದಲು ಹೂಂ ಅಥವಾ ಊಹೂಂ ಹೇಳಬೇಕಿತ್ತು.

ಹೂಂ ಅನ್ನುವುದು ಅಷ್ಟು ಸುಲಭವಿರಲಿಲ್ಲ. ಹತ್ತನೇ ತರಗತಿಯ ಅಪ್ಪ ಅಮ್ಮಂದಿರೆಲ್ಲ ಸುಹಾಸನ ಮೇಲೆ ಕಣ್ಣಿಟ್ಟಿದ್ದರು. ಬಸ್ಸಿನಲ್ಲಿ, ಗ್ರೋಸರಿಯಲ್ಲಿ ಸಿಕ್ಕವರು ಅವನನ್ನೇ ಕೇಳುತ್ತಿದ್ದರು, ಅಮ್ಮ ಏನಂತಾರೆ, ಇಲ್ಲೇ ಮುಂದುವರಿಸ್ತಾರಾ? ಅವನು ಮನೆಗೆ ಬಂದು, ಅಮ್ಮಾ, ಐ ಆಮ್ ಲೈಕ್ ವೆದರ್ ರಿಪೋರ್ಟ್, ಎಂದು ನಗುತ್ತಿದ್ದ. ಟೀಚರ ಮಗನೇ ಟಿ.ಸಿ. ತೆಗೆದುಕೊಂಡ ಎಂದರೆ ಮರುದಿನ ಆಫೀಸಿನ ಮುಂದೆ ಸಾಲು ನಿಲ್ಲುತ್ತಿತ್ತು. ಅವರಿಗೆಲ್ಲ ಅಬುಧಾಬಿಯಲ್ಲಿ ಭಾವಂದಿರಿರಲಿಲ್ಲ. ಆದರೆ ನಾನು ಸುಹಾಸನನ್ನು ಉಳಿಸಿದ್ದು ಬರೀ ಅವರ ಮೇಲಿನ ಕರುಣೆಯಿಂದ ಎಂದರೆ ಸುಳ್ಳಾಗುತ್ತದೆ. ನನ್ನ ಹತ್ತಿರ ನನ್ನದೇ ಒಂದು ಅಳತೆಗೋಲಿತ್ತು.

ವಸಂತಣ್ಣನ ಒಬ್ಬಳೇ ಮಗಳು ಅನ್ವಿತಾ ಅದೇ ಶಾಲೆಯ ಒಂಬತ್ತರಲ್ಲಿದ್ದಳು. ಮೊದಲ ಬೆಂಚಿನ ಎಡತುದಿ, ಎರಡು ಜಡೆ, ಲೆಕ್ಕ ತಪ್ಪಾದರೆ ನಾಲಗೆ ಕಚ್ಚಿಕೊಳ್ಳುವ ಹುಡುಗಿ. ಶಾಲೆ ಮುಚ್ಚುವುದಾದರೆ ಎಲ್ಲರಿಗಿಂತ ಮೊದಲು ಗೊತ್ತಾಗುವುದು ವಸಂತಣ್ಣನಿಗೆ. ದೋಣಿ ತೂತು ಎಂದು ಗೊತ್ತಿರುವ ಅಂಬಿಗ ಸ್ವಂತ ಮಗಳನ್ನು ಅದರಲ್ಲಿ ಕೂರಿಸುತ್ತಾನೆಯೇ? ಒಂಬತ್ತರಲ್ಲಿ ಹೆಸರು ನೋಂದಾವಣೆ ಆಗುವ ಮೊದಲೇ ಅವಳನ್ನು ಬೇರೆ ಕಡೆ ದಾಟಿಸಲೇಬೇಕು. ಆದ್ದರಿಂದ ಅನ್ವಿತಾ ಇರುವ ತನಕ ಶಾಲೆ ಇದೆ, ಅವಳು ಕಾಣದಾದ ದಿನ ಸುಹಾಸ ಅಬುಧಾಬಿಗೆ. ಗಣಿತದ ಟೀಚರಿಗೆ ತಕ್ಕ ಸಮೀಕರಣ ಎಂದು ನಾನು ಒಳಗೇ ಹೆಮ್ಮೆಪಟ್ಟೆ. ರಜೆಯ ಹಿಂದಿನ ದಿನ ಅವಳು ತಂದೆಯ ಆಫೀಸಿನಲ್ಲಿ ಕೂತು ಮುಂದಿನ ಅವಧಿಯ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ನಾನು ಮನೆಗೆ ಹೋಗಿ ಭಾವನವರಿಗೆ ಊಹೂಂ ಹೇಳಿಸಿದೆ. ಸೀಟನ್ನು ಆದಷ್ಟು ದಿನ ಹಿಡಿದಿಡಲು ನೋಡುತ್ತೇನೆ ಎಂದು ಅವರು ದೊಡ್ಡ ಮನಸ್ಸು ಮಾಡಿದರು.

ಆಗಸ್ಟಿನ ಕೊನೆಗೆ ಶಾಲೆ ತೆರೆದಾಗ ಎ.ಸಿ.ಯ ಆ ವಾಸನೆಯ ಜೊತೆ ಇನ್ನೊಂದು ವಾಸನೆ ಸೇರಿಕೊಂಡಿತ್ತು. ಬಣ್ಣ. ಇಡೀ ಕಟ್ಟಡಕ್ಕೆ ಹೊಸದಾಗಿ ಬಿಳಿ ಬಣ್ಣ ಬಳಿಸಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖ ಅರಳಿತ್ತು. ಬಣ್ಣಕ್ಕೆ ಖರ್ಚು ಮಾಡುತ್ತಾರೆ ಎಂದರೆ ಮುಚ್ಚುವ ಮಾತೇ ಇಲ್ಲ ಎಂದು ಹಿಂದಿ ಟೀಚರು ಸಿಹಿ ಹಂಚಿದಳು. ನನಗೆ ಕೊಟ್ಟ ಪೇಡಾವನ್ನು ಮೇಜಿನ ಮೇಲೇ ಇಟ್ಟೆ. ನೇರ ವಸಂತಣ್ಣನ ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡು, ಅಪ್ಪನ ಗಿರಣಿಯ ಸುಣ್ಣದ ಕಥೆ ಪೂರ್ತಿ ಹೇಳಿದೆ.

ಅವರು ಕೇಳಿದರು. ಅವರಿಗೆ ನಗು ಬಂತು, ಆದರೆ ಸ್ವಲ್ಪ ತಡವಾಗಿ ಬಂತು. ಮಗಳ ಮೇಲೆ ಆಣೆ ಮಾಡಿ ಹೇಳಿ ಎಂಬ ಮಾತು ನನ್ನ ತುಟಿಯ ತನಕ ಬಂದಿತ್ತು. ಆಣೆ ಹಾಕಿಸುವುದು ಕೆಟ್ಟದ್ದು, ನುಂಗಿಕೊಂಡೆ. ನುಂಗಿದ್ದು ಅವರಿಗೆ ಕೇಳಿಸಿತೋ ಏನೋ.

"ನನ್ನ ಹುಡುಗಿ ಇಲ್ಲೇ ಉಂಟಲ್ಲ ಟೀಚರ್," ಎಂದರು. "ಇನ್ನೆಂತ ಬೇಕು ನಿಮಗೆ?"

ಅದು ಮುಚ್ಚುತ್ತಾರೆ ಎಂದೂ ಅಲ್ಲ, ಮುಚ್ಚುವುದಿಲ್ಲ ಎಂದೂ ಅಲ್ಲ. ಆದರೂ ನನ್ನ ಅಳತೆಗೋಲನ್ನೇ ಅವರು ಎತ್ತಿ ನನ್ನ ಕೈಗೆ ಕೊಟ್ಟಂತಾಗಿತ್ತು, ಸಮಾಧಾನ ಮಾಡಿಕೊಂಡು ಹೊರಬಂದೆ. ಜೂನಿನ ಹಾಗೆಯೇ ಅಂದಿನಿಂದಲೂ ಬೆಳಿಗ್ಗೆ ಒಂಬತ್ತನೇ ತರಗತಿಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಮೊದಲ ಬೆಂಚಿನ ಎಡತುದಿಗೆ ಹೋಗುತ್ತಿತ್ತು. ನನ್ನ ಪಾಠವಿಲ್ಲದ ದಿನ ಅಸೆಂಬ್ಲಿಯಲ್ಲಿ ಎರಡು ಜಡೆ ಹುಡುಕುತ್ತಿದ್ದೆ.

ನವೆಂಬರಿನಲ್ಲಿ ಅವಳು ಎರಡು ದಿನ ಬರಲಿಲ್ಲ. ಮೂರನೇ ದಿನವೂ ಜಾಗ ಖಾಲಿ. ವಸಂತಣ್ಣನನ್ನು ಕೇಳೋಣವೆಂದರೆ ಅವರೂ ರಜೆ. ಅಬುಧಾಬಿಯ ಸೀಟು ಹೋಗಿ ಎಷ್ಟೋ ದಿನವಾಗಿತ್ತು, ನಾನು ಮಾಡಬಹುದಾದ್ದು ಏನೂ ಉಳಿದಿರಲಿಲ್ಲ, ಆದರೂ ಗೊತ್ತಾಗದೆ ಇರಲಾರೆ. ಸಂಜೆ ಒಂದು ಚೀಲ ಕಿತ್ತಳೆ ಹಿಡಿದು ಅವರ ಫ್ಲ್ಯಾಟಿಗೆ ಹೋದೆ. ಬಾಗಿಲು ತೆರೆದವಳು ವಸಂತಣ್ಣನ ಹೆಂಡತಿ ಸುಜಾತ. ನನ್ನನ್ನು ನೋಡಿ ಅವಳ ಮುಖ ಒಂದು ಥರ ಆಯಿತು, ಒಳಗೆ ಬನ್ನಿ ಎನ್ನಲಿಲ್ಲ.

"ಹತ್ತಿರ ಬರಬೇಡಿ ಟೀಚರ್, ಅನ್ವಿತಾಗೆ ಕೋಟ್ಲೆ ಬಿದ್ದಿದೆ."

ಕೋಟ್ಲೆ ಎಂದರೆ ಸಿಡುಬಿನಂಥದ್ದು, ಚಿಕನ್ ಪಾಕ್ಸ್. ಒಳಗಿನ ಕೋಣೆಯಿಂದ ಮುಖದ ತುಂಬ ಬೊಕ್ಕೆ ಎದ್ದ ಹುಡುಗಿ ಇಣುಕಿ, ಹಾಯ್ ಮಿಸ್, ಎಂದಳು. ದೇವರಾಣೆ, ಪರರ ಮಗುವಿಗೆ ಬೊಕ್ಕೆ ಎದ್ದದ್ದು ಕಂಡು ಅಷ್ಟು ಸಂತೋಷಪಟ್ಟವಳು ಈ ಭೂಮಿಯ ಮೇಲೆ ಇನ್ನೊಬ್ಬಳಿರಲಿಕ್ಕಿಲ್ಲ. ಮೆಟ್ರೋದಲ್ಲಿ ನಿಂತುಕೊಂಡೇ ಬಸವರಾಜನಿಗೆ ಫೋನು ಮಾಡಿ ಹೇಳಿದೆ. ನೀ ಸಂಶಯ ಪಿಶಾಚಿ ಅಷ್ಟೇ ಅಲ್ಲ, ಖರೇ ಪಿಶಾಚಿನ ಎಂದು ಬೈದ. ಬೈಸಿಕೊಂಡೂ ಹಗುರವಾಗಿದ್ದೆ.

ಚಳಿಗಾಲ ಮಂಜಿನಲ್ಲೇ ಹೋಯಿತು. ಬೆಳಿಗ್ಗೆ ಬಸ್ಸುಗಳು ಲೈಟು ಹಾಕಿಕೊಂಡು ಬರುತ್ತಿದ್ದವು. ಇಬ್ಬರು ಟೀಚರುಗಳ ಹಲ್ಲುನೋವು ಫಲಿಸಿ ಅವರು ಹೊರಟುಹೋದರು, ಅವರ ಪಾಠಗಳನ್ನು ನಾವೇ ಹಂಚಿಕೊಂಡೆವು. ವಿಜ್ಞಾನದ ಪ್ರಾಕ್ಟಿಕಲ್ ದಿನ ವಸಂತಣ್ಣ ಸ್ವತಃ ಬೀಕರು ತೊಳೆದರು. ಫೆಬ್ರವರಿಯಲ್ಲಿ ಪರೀಕ್ಷೆ ಶುರುವಾಯಿತು. ಸೆಂಟರ್ ಬೇರೊಂದು ಶಾಲೆಯಲ್ಲಿ. ಪ್ರತಿ ಪೇಪರಿಗೂ ವಸಂತಣ್ಣ ಬಸ್ಸಿನಲ್ಲಿ ಮುಂದೆ ಕೂತು ಮಕ್ಕಳನ್ನು ಕರೆದೊಯ್ದು, ಮುಗಿಯುವ ತನಕ ಗೇಟಿನ ಹೊರಗೇ ನಿಂತಿದ್ದು, ಮತ್ತೆ ಎಣಿಸಿ ಹತ್ತಿಸಿಕೊಂಡು ಬರುತ್ತಿದ್ದರು. ಮಾರ್ಚಿನಲ್ಲಿ ಕೊನೆಯ ಪೇಪರ್ ಬರೆದು ಬಂದ ಸುಹಾಸ ಬ್ಯಾಗನ್ನು ಸೋಫಾದ ಮೇಲೆ ಎಸೆದಾಗ, ನಾನು ಅಡುಗೆಮನೆಗೆ ಹೋಗಿ ಯಾರಿಗೂ ಕಾಣದ ಹಾಗೆ ಅತ್ತೆ.

ಮರುದಿನ ಸ್ಟಾಫ್ ಮೀಟಿಂಗ್ ಕರೆದರು. ವಸಂತಣ್ಣ ನಿಂತುಕೊಂಡೇ ಹೇಳಿದರು, ಈ ತಿಂಗಳ ಕೊನೆಗೆ ಶಾಲೆ ಮುಚ್ಚುತ್ತದೆ, ಕಟ್ಟಡ ಮಾರಾಟವಾಗಿದೆ, ಎಲ್ಲರ ಬಾಕಿ ತೀರಿಸುವ ಜವಾಬ್ದಾರಿ ತನ್ನದು. ಸಣ್ಣ ತರಗತಿಯವರಿಗೆ ಶಾರ್ಜಾದ ಶಾಲೆಗಳಲ್ಲಿ ಜಾಗ ಮಾತಾಡಿದೆ ಎಂದರು. ಒಂಬತ್ತರಿಂದ ಹತ್ತಕ್ಕೆ ಬಂದವರ ಬಗ್ಗೆ ಏನೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂಬತ್ತರ ಅಪ್ಪಂದಿರು ಗೇಟಿನಲ್ಲಿ ಸೇರಿದ್ದರು. ಒಬ್ಬ ಡ್ರೈವರ್, ಮಲಯಾಳಿ, ವಸಂತಣ್ಣನ ಅಂಗಿಯ ಕಾಲರ್ ಹಿಡಿದ. ಅವರು ಬಿಡಿಸಿಕೊಳ್ಳಲು ಹೋಗಲಿಲ್ಲ.

ಎಲ್ಲ ಚದುರಿದ ಮೇಲೆ ಬಸ್ಸುಗಳ ಅಂಗಳದಲ್ಲಿ ಅವರು ಒಬ್ಬರೇ ಸಿಕ್ಕಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ವರ್ಷ ನನ್ನನ್ನು ಹುಚ್ಚಿ ಮಾಡಿದಿರಿ, ಯಾವತ್ತಿನಿಂದ ಗೊತ್ತು ನಿಮಗೆ ಎಂದೆ. ಮಿರ್ದಿಫಿನ ಶಾಖೆ ಮುಚ್ಚಿದಾಗಲೇ ಎಂದರು. ಸೇಟು ಎರಡನ್ನೂ ಒಟ್ಟಿಗೆ ಮುಚ್ಚುವವನಿದ್ದನಂತೆ. ಹತ್ತರ ಮಕ್ಕಳು ಬೀದಿಗೆ ಬೀಳುತ್ತಾರೆ, ಒಂದು ವರ್ಷ ಕೊಡಿ ಎಂದು ಇವರು ಬೇಡಿಕೊಂಡರಂತೆ. ಮಕ್ಕಳು ಬಿಟ್ಟುಹೋಗತೊಡಗಿದ ದಿನವೇ ಬೀಗ ಎಂಬ ಮಾತಿನ ಮೇಲೆ ಅವನು ಒಪ್ಪಿದನಂತೆ. ಹಾಗಾದರೆ ನನ್ನ ಮೂಗು ಸುಳ್ಳು ಹೇಳಿರಲಿಲ್ಲ. ಟೇಪೂ ಬಣ್ಣವೂ ಎಲ್ಲವೂ ಸರಿಯೇ ಇತ್ತು. ತಪ್ಪಿದ್ದು ಅನ್ವಿತಾಳ ಲೆಕ್ಕವೊಂದೇ.

"ಹಾಗಾದರೆ ಮಗಳನ್ನು ಯಾಕೆ ಇಟ್ಟುಕೊಂಡಿರಿ?" ಎಂದೆ.

ಅವರು ಬಸ್ಸಿನ ಬಾಗಿಲನ್ನು ತೆಗೆದು, ಹಾಕಿ, ಮತ್ತೆ ತೆಗೆದರು.

"ಜೂನಿನಲ್ಲಿ ಅವಳಿಗೆ ಮಿರ್ದಿಫಿನ ಕಡೆ ಒಳ್ಳೆ ಶಾಲೆಯಲ್ಲಿ ಸೀಟು ಸಿಕ್ಕಿತ್ತು ಟೀಚರ್. ಸುಜಾತ ಯೂನಿಫಾರ್ಮ್ ಸಹ ಹೊಲಿಸಿ ಆಗಿತ್ತು. ನೀವು ದಿನಾ ಅವಳು ಬಂದಿದ್ದಾಳಾ ಅಂತ ನೋಡುದು ನನಗೆ ಗೊತ್ತುಂಟು. ಅವಳು ಹೋದ್ರೆ ನೀವು ಸುಹಾಸನನ್ನು ತೆಗೀತೀರಿ. ನೀವು ತೆಗೆದ್ರೆ ಮತ್ತೆ ಯಾರು ಉಳೀತಾರೆ?"

ಒಂಬತ್ತರ ಉಳಿದವರಿಗಾದರೂ ಹೇಳಬಹುದಿತ್ತಲ್ಲ ಎಂದೆ. ಹೇಳಿದರೆ ಗುಟ್ಟು ಒಂದು ದಿನ ನಿಲ್ಲುವುದಿಲ್ಲ, ಎರಡೂ ಕ್ಲಾಸನ್ನು ಉಳಿಸುವುದು ತನ್ನ ಕೈಯಲ್ಲಾಗಲಿಲ್ಲ ಎಂದರು. ಕಾಲರಿನ ಗುಂಡಿ ಕಿತ್ತು ಹೋಗಿತ್ತು, ಮಾತಾಡುವಾಗ ಕೈ ಅಲ್ಲಿಗೇ ಹೋಗುತ್ತಿತ್ತು.

ನಾನು ಥ್ಯಾಂಕ್ಸ್ ಹೇಳಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವರ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ಇದೂ ಅವರದೊಂದು ಆಟವೇ? ಮಗಳ ವರ್ಷ ಹಾಳಾದದ್ದನ್ನು ಉಪಾಯವಾಗಿ ನನ್ನ ತಲೆಗೆ ಕಟ್ಟಿದರೇ? ಸೀಟು ನಿಜವಾಗಿ ಸಿಕ್ಕಿತ್ತೇ? ಕಿತ್ತಳೆ ಹಿಡಿದು ಹೋದ ದಿನ ಸುಜಾತಳ ಮುಖ ಹಾಗಾದದ್ದು ಕೋಟ್ಲೆಯಿಂದಲೋ, ನನ್ನಿಂದಲೋ? ಬಸವರಾಜನಿಗೆ ಹೇಳಿದಾಗ ಅವನು ಈ ಸಲ ಹಗ್ಗ, ಹಾವು ಏನೂ ಅನ್ನಲಿಲ್ಲ. ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತ.

ಒಂಬತ್ತರ ಮಕ್ಕಳಲ್ಲಿ ಕೆಲವರು ತಾಯಂದಿರ ಜೊತೆ ಊರಿಗೆ ಹೋದರು. ವಸಂತಣ್ಣ ಒಂದು ಗೋದಾಮಿನಲ್ಲಿ ಕೆಲಸ ಹಿಡಿದರೆಂದು ಕೇಳಿದೆ. ನನಗೆ ಬೇರೆ ಶಾಲೆ ಸಿಕ್ಕಿತು, ಸುಹಾಸನಿಗೆ ಹನ್ನೊಂದರಲ್ಲಿ ಬೇಕಾದ ವಿಷಯ ಸಿಕ್ಕಿತು. ಏಪ್ರಿಲಿನ ಕೊನೆಯ ಒಂದು ಬೆಳಿಗ್ಗೆ ಅಲ್ ಕುಸೈಸಿನ ಬಸ್ ಸ್ಟಾಪಿನಲ್ಲಿ ನನ್ನ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನಿಂದ ಯಾರೋ ಮಿಸ್ ಎಂದರು. ಅನ್ವಿತಾ. ಹೊಸ ಶಾಲೆಯ ಕಡುಕೆಂಪು ಯೂನಿಫಾರ್ಮ್, ಹಣೆಯ ಮೇಲೆ ಕೋಟ್ಲೆಯ ಒಂದು ಗುಳಿ ಉಳಿದಿತ್ತು. ಹೊಸ ಶಾಲೆ ಅವಳನ್ನು ಹತ್ತಕ್ಕೆ ಸೇರಿಸಿಕೊಂಡಿರುವುದಿಲ್ಲ ಎಂದು ಗೊತ್ತಿದ್ದೂ ಕೇಳಿದೆ, ಯಾವ ಕ್ಲಾಸು ಎಂದು. ಕಣ್ಣಾರೆ ಕಂಡದ್ದನ್ನೂ ಕೇಳಿ ಖಾತ್ರಿ ಮಾಡಿಕೊಳ್ಳುವ ಬುದ್ಧಿ ನನ್ನದು.

"ನೈನ್ತ್ ಓನ್ಲೀ ಮಿಸ್," ಎಂದಳು. ಆಮೇಲೆ ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳುವವಳ ಹಾಗೆ ಸೇರಿಸಿದಳು, "ಬಟ್ ಮ್ಯಾಥ್ಸ್ ಈಜಿ ಉಂಟು ಮಿಸ್. ಎಲ್ಲ ನೀವು ಮಾಡಿಸಿದ್ದೇ."

ಅಷ್ಟರಲ್ಲಿ ಅವಳ ಬಸ್ಸು ಬಂತು. ಅವಳ ಹೊಸ ಸಹಪಾಠಿಗಳು ಗದ್ದಲ ಮಾಡುತ್ತ ಸಾಲು ಹಿಡಿದರು. ಅನ್ವಿತಾ ಕೊನೆಯಲ್ಲಿ ನಿಂತಳು, ಎಲ್ಲರಿಗಿಂತ ಒಂದು ತಲೆ ಎತ್ತರ.